ಚಿಪ್ ‘ಇದೆ’ ಅಂತು, ಟ್ಯೂಬ್ ‘ಇಲ್ಲ’ ಅಂತು

ಚಿಕ್ಕಮಗಳೂರಿನ ಒಂದು ಸಣ್ಣ ನೀರು ಪರೀಕ್ಷೆ ಲ್ಯಾಬಿನಲ್ಲಿ ನನ್ನ ಕೆಲಸ. ಮಳೆಗಾಲ ಬಂತೆಂದರೆ ನಮಗೆ ಸುಗ್ಗಿ. ಹೋಂಸ್ಟೇ ಬಾವಿ, ಎಸ್ಟೇಟ್ ಲೈನ್ ಮನೆಗಳ ಟ್ಯಾಂಕ್, ಶಾಲೆ ಬೋರ್‌ವೆಲ್, ಎಲ್ಲದರ ನೀರೂ ಬಾಟಲಿಯಲ್ಲಿ ಬಂದು ಸಾಲಾಗಿ ನಿಲ್ಲುತ್ತದೆ. ನಾವು ಮುಖ್ಯವಾಗಿ ಹುಡುಕುವುದು ಇ. ಕೋಲಿ, ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಅದು ಸಿಕ್ಕಿತು ಅಂದರೆ ಎಲ್ಲಿಂದಲೋ ಮಲ ಸೇರುತ್ತಿದೆ ಅಂತ. 100 ಮಿಲಿ ನೀರಿನಲ್ಲಿ ಒಂದೂ ಸಿಗಬಾರದು. ಕುಡಿಯುವ ನೀರಿನ ಐಎಸ್ 10500 ಮಾನದಂಡ ಇಷ್ಟೇ ಖಡಾಖಂಡಿತ.

ನಮ್ಮ ವಿಧಾನ ಹಳೆಯದು. ಟೆಸ್ಟ್ ಟ್ಯೂಬಿನಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಇರುವ ಸಾರು ತೆಗೆದುಕೊಂಡು, ಅದಕ್ಕೆ ನೀರು ಹಾಕಿ 37 ಡಿಗ್ರಿಯಲ್ಲಿ ಇಡುತ್ತೇವೆ. ಟ್ಯೂಬಿನೊಳಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಇನ್ನೊಂದು ಟ್ಯೂಬ್ ತಲೆಕೆಳಗಾಗಿ ಕೂತಿರುತ್ತದೆ. ಕೋಲಿಫಾರ್ಮ್ (ಇ. ಕೋಲಿ ಸೇರಿದ ಬ್ಯಾಕ್ಟೀರಿಯಾ ಗುಂಪು) ಇದ್ದರೆ ಸಾರು ಕದಡುತ್ತದೆ, ಅವು ಬಿಡುವ ಅನಿಲ ಒಳಗಿನ ಟ್ಯೂಬಿನ ನೆತ್ತಿಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಇಲ್ಲ ಅಂತ ಹೇಳಲು 48 ಗಂಟೆ ಕಾಯಬೇಕು. ಅಷ್ಟರಲ್ಲಿ ಹತ್ತು ಸಲ ಫೋನು, ‘ಮೇಡಂ, ರಿಪೋರ್ಟ್ ಆಯ್ತಾ?’

ಹೋದ ಮಳೆಗಾಲದಲ್ಲಿ ಒಬ್ಬ ಎಂ.ಟೆಕ್ ಹುಡುಗ ಗ್ರಾಫೀನ್ ಚಿಪ್‌ಗಳನ್ನು ಹಿಡಿದು ಬಂದ. ನಮ್ಮ ಟ್ಯೂಬಿನ ಫಲಿತಾಂಶದ ಜೊತೆ ಅವನ್ನು ಹೋಲಿಸಿ ನೋಡಬೇಕಿತ್ತಂತೆ. ಗ್ರಾಫೀನ್ ಅಂದರೆ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಇದೆಯಲ್ಲ, ಅದರ ಒಂದೇ ಒಂದು ಪದರ. ದಪ್ಪ ಒಂದು ಪರಮಾಣುವಿನಷ್ಟು. ಮ್ಯಾಂಚೆಸ್ಟರಿನಲ್ಲಿ ಗೀಮ್, ನೊವೊಸೆಲೊವ್ ಅನ್ನುವ ವಿಜ್ಞಾನಿಗಳು ಇದನ್ನು ಗಮ್ ಟೇಪಿನಿಂದ ಕಿತ್ತು ಕಿತ್ತು ಬೇರೆ ಮಾಡಿದ್ದರು. 2004ರಲ್ಲಿ ಪ್ರಕಟಿಸಿದರು, 2010ರಲ್ಲಿ ನೊಬೆಲ್ ಬಂತು.

ಚಿಪ್‌ನಲ್ಲಿ ಎರಡು ಚಿನ್ನದ ಗೆರೆಗಳ ನಡುವೆ ಈ ಪದರ. ಅದರ ಮೇಲೆ ಇ. ಕೋಲಿಯನ್ನೇ ಹಿಡಿಯುವ ಆಂಟಿಬಾಡಿ ಅನ್ನುವ ಪ್ರೋಟೀನ್ ಕೂರಿಸಿರುತ್ತಾರೆ. ಬ್ಯಾಕ್ಟೀರಿಯಾದ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಅದು ಬಂದು ಅಂಟಿಕೊಂಡರೆ ಗ್ರಾಫೀನ್‌ನಲ್ಲಿ ಹರಿಯುವ ಕರೆಂಟ್ ಬದಲಾಗುತ್ತದೆ. ಪದರ ಪೂರ್ತಿ ಬರೀ ಮೇಲ್ಮೈಯೇ ಆಗಿರುವುದರಿಂದ ಸಣ್ಣದಕ್ಕೂ ಬೆಚ್ಚಿಬೀಳುತ್ತದೆ. ಅರ್ಧ ಗಂಟೆಯಲ್ಲಿ ಉತ್ತರ.

ಮೊದಲ ದಿನ ಬಾವಿ ನೀರನ್ನು ನೇರವಾಗಿ ಒಂದು ಹನಿ ಬಿಟ್ಟೆ. ಹುಡುಗ ನಕ್ಕ. ‘ಅಕ್ಕ, ನೀವು ಬಿಟ್ಟ ಹನಿ ಬರೀ 10 ಮೈಕ್ರೋಲೀಟರ್. 100 ಮಿಲಿಯಲ್ಲಿ ಒಂದೇ ಇ. ಕೋಲಿ ಇದ್ದರೆ ಅದು ಈ ಹನಿಯಲ್ಲೇ ಇರೋ ಅವಕಾಶ ಹತ್ತು ಸಾವಿರಕ್ಕೆ ಒಂದು.’ ಅದಕ್ಕೇ ಮೊದಲು ಅಷ್ಟೂ ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮೇಲೆ ನಿಂತದ್ದನ್ನು ಚೂರೇ ದ್ರವದಲ್ಲಿ ತೊಳೆದು ತೆಗೆಯಬೇಕು. ಆ ದ್ರವದಲ್ಲಿ ಉಪ್ಪಿನಂಶವೂ ಕಡಿಮೆ ಇರಬೇಕು. ಜಾಸ್ತಿಯಾದರೆ ಉಪ್ಪಿನ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಬ್ಯಾಕ್ಟೀರಿಯಾದ ವಿದ್ಯುತ್ತನ್ನು ಮುಚ್ಚಿಹಾಕುತ್ತವೆ, ಗ್ರಾಫೀನ್‌ಗೆ ಏನೂ ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಅನ್ನುವಾಗ ಈ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ನೋಡಿ!

ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ನೀರಿನಲ್ಲಿ ಜಗಳ ಶುರುವಾಯಿತು. ಚಿಪ್ ‘ಇದೆ’ ಅಂತು. 48 ಗಂಟೆ ಕಳೆದರೂ ಟ್ಯೂಬಿನಲ್ಲಿ ಒಂದು ಗುಳ್ಳೆ ಇಲ್ಲ. ನಮ್ಮ ಸರ್ ಮೂಗು ಮುರಿದರು, ‘ಆಟದ ಸಾಮಾನು ಬಿಟ್ಟು ಕೆಲಸ ನೋಡಮ್ಮ.’ ನನಗೂ ಹಾಗೇ ಅನ್ನಿಸಿತ್ತು. ಹದಿನೈದು ವರ್ಷದಿಂದ ಟ್ಯೂಬ್ ನಂಬಿದವಳು ನಾನು. ‘ಕುಡಿಯಲು ಯೋಗ್ಯ’ ಅಂತ ಟೈಪ್ ಮಾಡಿ ಸಹಿಗೆ ಪೆನ್ನು ತೆಗೆದಿದ್ದೆ.

ಹುಡುಗ ಬಿಡಲಿಲ್ಲ. ‘ಕಸ ಅಂಟಿದ್ದರೆ ಆಂಟಿಬಾಡಿ ಹಾಕದ ಖಾಲಿ ಚಿಪ್ ಕೂಡ ಕುಣೀಬೇಕಿತ್ತು. ಅದು ಸುಮ್ನೆ ಇದೆ ಅಕ್ಕ’ ಅಂದ. ಮಾತು ಸರಿ ಅನ್ನಿಸಿ ಹೋಂಸ್ಟೇ ಮಾಲೀಕರಾದ ಗೌಡರಿಗೆ ಫೋನ್ ಹಚ್ಚಿದೆ.

‘ಗೌಡ್ರೇ, ನೀರು ತುಂಬೋಕೆ ಮುಂಚೆ ಬಾವಿಗೆ ಏನಾದ್ರೂ ಹಾಕಿದ್ರಾ?’

‘ಹೌದು ಮೇಡಂ, ಹಿಂದಿನ ದಿನ ಸಂಜೆ ಬ್ಲೀಚಿಂಗ್ ಪೌಡರ್ ಹಾಕಿಸ್ದೆ. ಟೆಸ್ಟಿಗೆ ಕೊಡೋ ನೀರು ಅಲ್ವಾ, ಕ್ಲೀನಾಗಿರ್ಲಿ ಅಂತ!’

ತಲೆ ಮೇಲೆ ಕೈ ಹೊತ್ತು ಕೂತೆ. ಟ್ಯೂಬಿನಲ್ಲಿ ಗುಳ್ಳೆ ಬರಬೇಕಾದರೆ ಬ್ಯಾಕ್ಟೀರಿಯಾ ಬದುಕಿರಬೇಕು, ತಿನ್ನಬೇಕು, ಬೆಳೆಯಬೇಕು. ಆಂಟಿಬಾಡಿಗೆ ಅದೆಲ್ಲ ಬೇಡ. ಅದು ಹಿಡಿಯುವುದು ಮೈಮೇಲಿನ ಗುರುತನ್ನು, ಹೆಣಕ್ಕೂ ಆ ಗುರುತು ಉಳಿದಿರುತ್ತದೆ. ನಮ್ಮ ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ, ಕ್ಲೋರಿನ್ನನ್ನು ಅಲ್ಲೇ ತಡೆಯುತ್ತದೆ. ಅಂದರೆ ಅವು ಸತ್ತದ್ದು ದಾರಿಯಲ್ಲಲ್ಲ, ಬಾವಿಯಲ್ಲೇ. ಟ್ಯೂಬ್ ಹೇಳಿದ್ದೂ ನಿಜ, ಚಿಪ್ ಹೇಳಿದ್ದೂ ನಿಜ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವಳು ನಾನು.

ಸಹಿ ಹಾಕಲಿಲ್ಲ. ಪೌಡರ್ ಹಾಕದೆ ಒಂದು ವಾರ ಬಿಟ್ಟು, ಆ ನೀರು ಯಾರೂ ಕುಡಿಯದಂತೆ ಹೇಳಿ, ನಾನೇ ಹೋಗಿ ತುಂಬಿಕೊಂಡು ಬಂದೆ. ಮರುದಿನ ಬೆಳಿಗ್ಗೆ ನೋಡಿದರೆ ಐದಕ್ಕೆ ಐದೂ ಟ್ಯೂಬಿನಲ್ಲಿ ಗುಳ್ಳೆ. ಬಾವಿಯ ಮೇಲ್ಗಡೆ ಇಳಿಜಾರಿನಲ್ಲೇ ಕಕ್ಕಸಿನ ಇಂಗುಗುಂಡಿ ಇತ್ತು. ಜಡಿಮಳೆಗೆ ಅದು ತುಂಬಿ ಕೆಳಗೆ ಜಿನುಗುತ್ತಿತ್ತು.

ಈಗಲೂ ನಮ್ಮ ರಿಪೋರ್ಟ್ ಹೋಗುವುದು ಟ್ಯೂಬ್ ನೋಡಿಯೇ. ಹುಡುಗ ಚಿಪ್ ಕಟ್ಟಿಕೊಂಡು ಹೋದ. ನಾನು ಮಾತ್ರ ಸ್ಯಾಂಪಲ್ ಚೀಟಿಯ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: ‘ಬ್ಲೀಚಿಂಗ್ ಪೌಡರ್ ಹಾಕಿದ್ದು ಯಾವಾಗ?’ ಮೊನ್ನೆ ಗೌಡರೇ ಫೋನ್ ಮಾಡಿದ್ದರು. ‘ಮೇಡಂ, ಗುಂಡಿ ಆಚೆಗೆ ತೆಗೆಸಿ ಆಯ್ತು. ಪೌಡರ್ ಹಾಕಿ ಎಂಟು ದಿನ ಆಯ್ತು. ಈಗ ನೀರು ತರ್ಲಾ?’