ಕಿಗಾಲಿ ಒಪ್ಪಂದ ಕೇಳುವ ಲೆಕ್ಕ, ಕೇಳದೆ ಬಿಡುವ ಲೆಕ್ಕ

ಏಸಿಯ ಔಟ್‌ಡೋರ್ ಯೂನಿಟ್ ಮೇಲೆ ಅಂಟಿಸಿರುವ ಸ್ಟಿಕ್ಕರ್‌ನಲ್ಲಿ ಗ್ಯಾಸಿನ ಹೆಸರು, ತೂಕ ಎರಡೂ ಬರೆದಿರುತ್ತದೆ. ಒಮ್ಮೆ ಹೋಗಿ ನೋಡಿ. ಆರ್-410ಎ, ಒಂದು ಕೆಜಿ ಎಂದಿದ್ದರೆ, ಅದಷ್ಟೂ ಸೋರಿಹೋದಾಗ 2,088 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಟ್ಟಷ್ಟೇ ಬಿಸಿ ಏರುತ್ತದೆ (ನೂರು ವರ್ಷದ ಲೆಕ್ಕದಲ್ಲಿ). ಆರ್-32 ಆದರೆ ಈ ಸಂಖ್ಯೆ 675. ಆರ್-290, ಅಂದರೆ ಪ್ರೊಪೇನ್ ಆದರೆ ಬರೀ 3ರ ಆಸುಪಾಸು. ಜಗತ್ತಿನ ದೇಶಗಳು ಕೂತು ಮಾಡಿಕೊಂಡ ಹವಾಮಾನ ಒಪ್ಪಂದಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಯಾವುದು ಎಂದರೆ, ಈ ಸ್ಟಿಕ್ಕರ್‌ಗೆ ಸಂಬಂಧಪಟ್ಟದ್ದೇ ಎಂದು ನನ್ನ ಅಭಿಪ್ರಾಯ.

ಪ್ಯಾರಿಸ್ ಒಪ್ಪಂದದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಳ್ಳುತ್ತದೆ. ಮುಟ್ಟದಿದ್ದರೆ ದಂಡವಿಲ್ಲ. 2016ರ ಅಕ್ಟೋಬರ್ 15ರಂದು ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಆದದ್ದು ಬೇರೆ ಥರದ್ದು. ಅದು ಹೊಸ ಒಪ್ಪಂದವಲ್ಲ, ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಪ್ರೋಟೊಕಾಲ್‌ಗೆ ತಂದ ತಿದ್ದುಪಡಿ. ಫ್ರಿಜ್, ಏಸಿಗಳಲ್ಲಿ ತಂಪು ಮಾಡಲು ಬಳಸುತ್ತಿದ್ದ, ಓಝೋನ್ ತಿನ್ನುವ ಸಿಎಫ್‌ಸಿ ಗ್ಯಾಸುಗಳನ್ನು ಬಿಟ್ಟು ಜಗತ್ತು ಕ್ರಮೇಣ ಎಚ್‌ಎಫ್‌ಸಿಗಳಿಗೆ ಬದಲಾಯಿತು (ಆರ್-410ಎ, ಆರ್-32 ಈ ಜಾತಿಯವೇ). ಇವುಗಳಲ್ಲಿ ಕ್ಲೋರಿನ್ ಇಲ್ಲದ್ದರಿಂದ ಓಝೋನ್‌ಗೆ ತೊಂದರೆಯಿಲ್ಲ, ಆದರೆ ಶಾಖ ಹಿಡಿದಿಡುವುದರಲ್ಲಿ ಇವೂ ಕಡಿಮೆಯಿಲ್ಲ. ಸಿಎಫ್‌ಸಿಗಳು ಭೂಮಿಯನ್ನು ಬಿಸಿ ಮಾಡುತ್ತವೆ ಎಂದು 1975ರಲ್ಲಿ ಮೊದಲು ತೋರಿಸಿಕೊಟ್ಟವರು ವೀರಭದ್ರನ್ ರಾಮನಾಥನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದಕ್ಕೂ ಮೊದಲು ಸಿಕಂದರಾಬಾದಿನ ಒಂದು ಫ್ರಿಜ್ ಕಂಪನಿಯಲ್ಲಿ ಗ್ಯಾಸ್ ಯಾಕೆ ಸೋರುತ್ತದೆ ಎಂದು ಪತ್ತೆ ಮಾಡುವುದೇ ಅವರ ಕೆಲಸವಾಗಿತ್ತು.

ಕಿಗಾಲಿಯಲ್ಲಿ ದೇಶಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ವರ್ಷವಾರು ಮಿತಿ ಕಟ್ಟಿದರು. ಶ್ರೀಮಂತ ದೇಶಗಳು ಎಚ್‌ಎಫ್‌ಸಿ ಬಳಕೆಯನ್ನು 2019ರಿಂದಲೇ ಇಳಿಸಲು ಶುರು ಮಾಡಿ 2036ಕ್ಕೆ ಶೇ. 85ರಷ್ಟು ಇಳಿಸಬೇಕು. ಚೀನಾ, ಬ್ರೆಜಿಲ್ ಮತ್ತು ಬಹುತೇಕ ಬೆಳೆಯುತ್ತಿರುವ ದೇಶಗಳಿಗೆ 2024ರಲ್ಲಿ ಮಿತಿ ಜಾರಿಗೆ ಬಂತು, 2045ಕ್ಕೆ ಶೇ. 80 ಇಳಿಕೆ. ಭಾರತ, ಪಾಕಿಸ್ತಾನ, ಇರಾನ್, ಇರಾಕ್ ಮತ್ತು ಸೌದಿಯಂಥ ಕೊಲ್ಲಿ ದೇಶಗಳು ನಮ್ಮಲ್ಲಿ ಸೆಕೆ ಜಾಸ್ತಿ, ಬೇಡಿಕೆ ಈಗಷ್ಟೇ ಏರುತ್ತಿದೆ ಎಂದು ವಾದಿಸಿ ಹೆಚ್ಚು ಕಾಲಾವಕಾಶ ಪಡೆದವು. ನಮ್ಮ ಗುಂಪಿಗೆ 2028ರಲ್ಲಿ ಮಿತಿ ಶುರು. 2032ಕ್ಕೆ ಶೇ. 10 ಇಳಿಕೆ, 2037ಕ್ಕೆ 20, 2042ಕ್ಕೆ 30, ಆಮೇಲೆ ಒಂದೇ ಏಟಿಗೆ 2047ಕ್ಕೆ 85. ಭಾರತ ಇದನ್ನು 2021ರ ಸೆಪ್ಟೆಂಬರ್‌ನಲ್ಲಿ ಅನುಮೋದಿಸಿತು.

ಇಷ್ಟು ಶೇಕಡಾ ಎಂದರೆ ಯಾವುದರ ಶೇಕಡಾ? ಅಸಲು ವಿಷಯ ಅಲ್ಲಿದೆ. ಭಾರತದ ಮೂಲ ಮಟ್ಟ ಎಂದರೆ 2024, 2025, 2026 ಈ ಮೂರು ವರ್ಷಗಳ ಎಚ್‌ಎಫ್‌ಸಿ ಬಳಕೆಯ ಸರಾಸರಿ, ಅದರ ಜೊತೆಗೆ ಹಳೆಯ ಎಚ್‌ಸಿಎಫ್‌ಸಿ (ಸಿಎಫ್‌ಸಿ, ಎಚ್‌ಎಫ್‌ಸಿಗಳ ನಡುವಿನ ಹಂತದ ಗ್ಯಾಸು, ಮುಖ್ಯವಾಗಿ ಆರ್-22) ಮೂಲ ಮಟ್ಟದ ಶೇ. 65. ಎಲ್ಲವನ್ನೂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಟನ್‌ಗಳಲ್ಲಿ ಅಳೆಯಬೇಕು. ಒಂದು ಕಾಲ್ಪನಿಕ ದೇಶ ತೆಗೆದುಕೊಳ್ಳೋಣ. ಮೂರು ವರ್ಷದ ಸರಾಸರಿ 100, ಎಚ್‌ಸಿಎಫ್‌ಸಿ ಮಟ್ಟ 60 ಎಂದಿಟ್ಟುಕೊಂಡರೆ ಮೂಲ ಮಟ್ಟ 100 ಕೂಡಿಸು 39, ಒಟ್ಟು 139. 2032ರ ಮಿತಿ 125.1, 2037ರದ್ದು 111.2, 2042ರದ್ದು 97.3. ಅಂದರೆ 2042ರವರೆಗೂ ಆ ದೇಶ ಈಗಿನ ಬಳಕೆಗಿಂತ ಹೆಚ್ಚುಕಡಿಮೆ ಕೆಳಗೇ ಇಳಿಯಬೇಕಿಲ್ಲ. 2047ರಲ್ಲಿ ಮಾತ್ರ ಮಿತಿ ಸೀದಾ 20.85ಕ್ಕೆ ಬೀಳುತ್ತದೆ.

ಈ ಸೂತ್ರದಲ್ಲಿ ಒಂದು ದೋಷವಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂಲ ವರ್ಷಗಳಲ್ಲಿ ಜಾಸ್ತಿ ಬಳಸಿದವರಿಗೆ ಮುಂದೆ ಜಾಸ್ತಿ ಮಿತಿ ಸಿಗುತ್ತದೆ. ಆ ಮೂರು ವರ್ಷ ಹೆಚ್ಚು ತಯಾರಿಸಿ, ಹೆಚ್ಚು ತರಿಸಿಕೊಳ್ಳುವ ಆಸೆಗೆ ನಿಯಮವೇ ದಾರಿ ಮಾಡಿಕೊಟ್ಟಂತಾಯಿತು. ಹಾಗೆ ಪಡೆದ ಮಿತಿಯಿಂದ ದೇಶಕ್ಕೆ ಲಾಭವೂ ಇಲ್ಲ. ಆ ಗ್ಯಾಸ್ ತುಂಬಿದ ಯಂತ್ರಗಳು ಹತ್ತು ಹದಿನೈದು ವರ್ಷ ಗೋಡೆಯ ಮೇಲೆ ಕೂತು, ಪ್ರತಿ ಸರ್ವೀಸಿಗೂ ಅದೇ ಗ್ಯಾಸ್ ಕೇಳುತ್ತವೆ. 2047ರ ಇಳಿತ ಆಗ ಇನ್ನೂ ಕಡಿದಾಗುತ್ತದೆ.

ಹಾಗಿದ್ದೂ ಈ ಒಪ್ಪಂದ ಕೆಲಸ ಮಾಡುತ್ತದೆ, ಯಾಕೆಂದರೆ ಲೆಕ್ಕ ಹಿಡಿಯುವ ಜಾಗ ಸರಿಯಾಗಿದೆ. ಬಳಕೆ ಎಂದರೆ ತಯಾರಿಕೆ, ಆಮದು ಎರಡನ್ನೂ ಕೂಡಿ ರಫ್ತನ್ನು ಕಳೆದದ್ದು. ಕೋಟಿಗಟ್ಟಲೆ ಏಸಿಗಳನ್ನು ಯಾರೂ ಎಣಿಸಬೇಕಿಲ್ಲ. ಕಾರ್ಖಾನೆಗಳು ಬೆರಳೆಣಿಕೆಯಷ್ಟು, ಬಂದರುಗಳೂ ಅಷ್ಟೇ. ಲೈಸೆನ್ಸ್ ಇಲ್ಲದೆ ಗ್ಯಾಸ್ ತರುವಂತಿಲ್ಲ, ಕಳಿಸುವಂತಿಲ್ಲ. ಹಿಂದಿನ ವರ್ಷದ ಅಂಕಿಅಂಶವನ್ನು ಪ್ರತಿ ದೇಶವೂ ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕು. ಬಡ ದೇಶಗಳ ಬದಲಾವಣೆಯ ಖರ್ಚಿಗೆ ಮಾಂಟ್ರಿಯಲ್‌ನಲ್ಲಿ ಬಹುಪಕ್ಷೀಯ ನಿಧಿ ಇದೆ. ಅದರ ಕಾರ್ಯಕಾರಿ ಸಮಿತಿಯಲ್ಲಿ ಕೊಡುವವರು ಏಳು, ಪಡೆಯುವವರು ಏಳು. ಎರಡೂ ಕಡೆ ಸಮಾನ ಸಂಖ್ಯೆ ಇರುವುದರಿಂದಲೇ ಅಲ್ಲಿ ಒಬ್ಬರ ಮಾತು ಇನ್ನೊಬ್ಬರ ಮೇಲೆ ಹೇರಲಾಗುವುದಿಲ್ಲ. ಇನ್ನು ಒಪ್ಪಂದ ಸೇರದ ದೇಶಗಳ ಜೊತೆ 2033ರ ಜನವರಿ 1ರಿಂದ ಎಚ್‌ಎಫ್‌ಸಿ ವ್ಯಾಪಾರವೇ ಬಂದ್. ಹೊರಗುಳಿದರೆ ಮಾಲೇ ಸಿಗದು. ಪ್ಯಾರಿಸ್ ಒಪ್ಪಂದಕ್ಕೆ ಇಂಥ ಹಲ್ಲಿಲ್ಲ.

ದುಡ್ಡನ್ನು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ ಎನ್ನುವುದಕ್ಕೆ ಎಚ್‌ಎಫ್‌ಸಿ-23ರ ಕಥೆ ಸಾಕು. ಆರ್-22 ತಯಾರಿಸುವಾಗ ನೂರು ಕೆಜಿಗೆ ಎರಡು ಮೂರು ಕೆಜಿಯಷ್ಟು ಇದು ಉಪ ಉತ್ಪನ್ನವಾಗಿ ಹುಟ್ಟುತ್ತದೆ. ತಾಪಮಾನ ಏರಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ 14,800 ಪಟ್ಟು. ಪ್ಯಾರಿಸ್‌ಗೂ ಹಿಂದಿನ ಕ್ಯೋಟೊ ಹವಾಮಾನ ಒಪ್ಪಂದದ ಅಡಿ ಇದನ್ನು ಸುಟ್ಟವರಿಗೆ ಕಾರ್ಬನ್ ಕ್ರೆಡಿಟ್ (ಮಾಲಿನ್ಯ ಇಳಿಸಿದ್ದಕ್ಕೆ ಸಿಗುವ, ಮಾರಬಹುದಾದ ಪತ್ರ) ಕೊಟ್ಟರು. ಸುಡುವ ಖರ್ಚು ಅಲ್ಪ, ಕ್ರೆಡಿಟ್‌ನಿಂದ ಬರುವ ಹಣ ಅದರ ಹಲವು ಪಟ್ಟು. ಕೆಲವು ಕಾರ್ಖಾನೆಗಳು ಕ್ರೆಡಿಟ್ ಆಸೆಗೆ ಆರ್-22 ತಯಾರಿಕೆಯನ್ನೇ ಏರಿಸಿದ ಲಕ್ಷಣ ಕಂಡಮೇಲೆ ಐರೋಪ್ಯ ಒಕ್ಕೂಟ 2013ರಲ್ಲಿ ಈ ಕ್ರೆಡಿಟ್‌ಗಳನ್ನು ತನ್ನ ಮಾರುಕಟ್ಟೆಯಿಂದ ಹೊರಗಿಟ್ಟಿತು. ಕಿಗಾಲಿ ಸಭೆಯ ಹೊತ್ತಿಗೆ ಭಾರತ ತನ್ನ ತಯಾರಕರಿಗೆ ಸ್ವಂತ ಖರ್ಚಿನಲ್ಲೇ ಸುಡಿ ಎಂದು ಆದೇಶಿಸಿತು. ಅದು ಸರಿಯಾದ ಹೆಜ್ಜೆ.

ಕಾಗದದ ಲೆಕ್ಕಕ್ಕೆ ಮೋಸ ಮಾಡಬಹುದು, ಗಾಳಿಗೆ ಆಗುವುದಿಲ್ಲ. ನಿಂತುಹೋಗಿರಬೇಕಿದ್ದ ಸಿಎಫ್‌ಸಿ-11 ಮತ್ತೆ ಹೊರಬರುತ್ತಿದೆ ಎಂದು 2018ರಲ್ಲಿ ವಿಜ್ಞಾನಿಗಳು ಹೇಳಿದರು. ಮರುವರ್ಷ ಕೊರಿಯಾದ ಗೋಸಾನ್, ಜಪಾನಿನ ಹತೆರುಮ ಕೇಂದ್ರಗಳ ಗಾಳಿಯ ಅಳತೆಯಿಂದ ಅದರ ದೊಡ್ಡ ಪಾಲು ಪೂರ್ವ ಚೀನಾದ ಶಾಂಡೊಂಗ್, ಹೆಬೈ ಪ್ರಾಂತಗಳ ಸುತ್ತಮುತ್ತಲಿನದ್ದು ಎಂದು ಗೊತ್ತಾಯಿತು. ಆಮೇಲೆ ಅದು ಬೇಗ ಇಳಿಯಿತು ಕೂಡ.

ಆದರೆ ಒಪ್ಪಂದ ಕೇಳದೆ ಬಿಡುವ ಲೆಕ್ಕ ಒಂದಿದೆ. ಕಾರ್ಖಾನೆಯಿಂದ ಹೊರಟ ಗ್ಯಾಸನ್ನು ಬಳಕೆ ಎಂದು ಬರೆದುಕೊಂಡ ಮೇಲೆ, ಅದು ಯಂತ್ರದೊಳಗೆ ಇದೆಯೋ ಆಕಾಶ ಸೇರಿತೋ ಎಂದು ಒಪ್ಪಂದ ಕೇಳುವುದಿಲ್ಲ. ಈಗಾಗಲೇ ಯಂತ್ರಗಳಲ್ಲಿ ತುಂಬಿರುವ ಗ್ಯಾಸಿಗೆ ಮಿತಿ ಎಂಬುದೇ ಇಲ್ಲ. ಅದರ ಹಣೆಬರಹ ಬರೆಯುವವರು ಏಸಿ ಮೆಕ್ಯಾನಿಕ್‌ಗಳು.

"ಗ್ಯಾಸ್ ಖಾಲಿಯಾಗಿದೆ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಏಸಿಯಲ್ಲಿ ಗ್ಯಾಸ್ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿದೆ ಎಂದೇ ಅರ್ಥ. ಹೆಚ್ಚಾಗಿ ಸೋರುವುದು ತಾಮ್ರದ ಪೈಪಿನ ಬಾಯಿ ಅಗಲಿಸಿ ಕೂಡಿಸುವ ಫ್ಲೇರ್ ನಟ್ ಬಳಿ. ಪೈಪು ಕತ್ತರಿಸಿದ ಅಂಚಿನ ಸಿಪ್ಪೆ ತೆಗೆಯದಿದ್ದರೆ ಬಾಯಿ ಸರಿಯಾಗಿ ಕೂರುವುದಿಲ್ಲ, ನಟ್ ಅತಿಯಾಗಿ ಬಿಗಿದರೆ ಬಾಯಿ ಸೀಳುತ್ತದೆ. ಸೋರಿಕೆ ಹುಡುಕದೆ ಮೇಲೆ ಮೇಲೆ ತುಂಬಿಸಿದರೆ ಹಾಕಿದ್ದೆಲ್ಲ ಮತ್ತೆ ಹೊರಗೆ.

ಸರಿಯಾದ ಕ್ರಮ ಹೀಗೆ. ಮೊದಲು ಒಣ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಬೇಕು. ಆಕ್ಸಿಜನ್ ಯಾವತ್ತೂ ಬೇಡ, ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಸಿಡಿಯುತ್ತದೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ (ನಿರ್ವಾತ ಅಳೆಯುವ ಮಾನ) ಇಳಿಸಿ, ವಾಲ್ವ್ ಮುಚ್ಚಿ ಕಾಯಬೇಕು. ಮುಳ್ಳು ಸ್ವಲ್ಪ ಏರಿ ನಿಂತರೆ ಒಳಗೆ ತೇವವಿದೆ, ಏರುತ್ತಲೇ ಇದ್ದರೆ ಸೋರಿಕೆಯಿದೆ. ಈ ಹಂತ ಬಿಟ್ಟು ಗ್ಯಾಸನ್ನೇ ಒಂದಿಷ್ಟು ಬಿಟ್ಟು ಗಾಳಿ ಓಡಿಸುವವರು ಬಹಳ. ಹಾಗೆ ಹೋದ ಗ್ಯಾಸ್ ಒಂದು ನಷ್ಟ. ಒಳಗುಳಿದ ತೇವ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರ್ ತಿನ್ನುವುದು ಇನ್ನೊಂದು. ಕೊನೆಗೆ ತಕ್ಕಡಿಯಲ್ಲಿಟ್ಟು, ಸ್ಟಿಕ್ಕರ್‌ನಲ್ಲಿರುವಷ್ಟೇ ತೂಕ ತುಂಬಬೇಕು. ಆರ್-410ಎ ಎರಡು ಗ್ಯಾಸುಗಳ ಮಿಶ್ರಣ, ಆದ್ದರಿಂದ ದ್ರವರೂಪದಲ್ಲೇ ಹೋಗಬೇಕು.

ಹಳೆಯ ಆರ್-22 ಏಸಿಗೆ ಪ್ರೊಪೇನ್ ತುಂಬುವುದಂತೂ ಅಪಾಯ. ಕಂಪ್ರೆಸರ್ ಓಡುತ್ತದೆ, ಅದೇ ಆಸೆ ಹುಟ್ಟಿಸುವುದು. ಆದರೆ ಆ ಯಂತ್ರದ ಸ್ವಿಚ್, ರಿಲೇಗಳು ಕಿಡಿ ಹಾರಿಸುವಂಥವು, ಉರಿಯುವ ಗ್ಯಾಸಿಗೆಂದು ಮಾಡಿದ್ದಲ್ಲ. ಪ್ರೊಪೇನ್ ಒಳ್ಳೆಯದೇ, ಅದಕ್ಕೆಂದೇ ಮಾಡಿದ ಏಸಿಯಲ್ಲಿ.

ಭಾರತದ 2019ರ ಕೂಲಿಂಗ್ ಆಕ್ಷನ್ ಪ್ಲಾನ್ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತ್ತು. ತರಬೇತಿ ಬೇಕು, ಆದರೆ ಅಷ್ಟೇ ಸಾಲದು. ಏಸಿ ಬಿಚ್ಚುವಾಗ ಗ್ಯಾಸನ್ನು ರಿಕವರಿ ಯಂತ್ರದಿಂದ ಬೇರೆ ಸಿಲಿಂಡರ್‌ಗೆ ಎಳೆದುಕೊಳ್ಳಲು ಸಮಯ ಹಿಡಿಯುತ್ತದೆ, ಯಂತ್ರ ದುಬಾರಿ, ಸಿಲಿಂಡರ್ ಶೇ. 80ಕ್ಕಿಂತ ಹೆಚ್ಚು ತುಂಬುವಂತಿಲ್ಲ. ಎರಡು ಥರದ ಗ್ಯಾಸ್ ಒಂದೇ ಸಿಲಿಂಡರಿಗೆ ಬಿದ್ದರೆ ಶುದ್ಧಿ ಮಾಡಿ ಮತ್ತೆ ಬಳಸುವುದು ಕಷ್ಟ, ಸುಡುವುದೇ ದಾರಿ. ದಿನಕ್ಕೆ ಹಲವು ಮನೆ ಸುತ್ತುವ ಮೆಕ್ಯಾನಿಕ್ ಇಷ್ಟೆಲ್ಲ ಪುಕ್ಕಟೆ ಯಾಕೆ ಮಾಡಬೇಕು? ವಾಪಸ್ ತಂದ ಪ್ರತಿ ಕೆಜಿಗೂ ಒಂದು ದರ ಕಟ್ಟಿ, ಅದನ್ನು ಏಸಿ ಮಾರುವ ಕಂಪನಿಗಳಿಂದಲೇ ವಸೂಲು ಮಾಡುವ ನಿಯಮ ಬೇಕು. 2028ಕ್ಕೆ ಮಿತಿ ಶುರುವಾಗುವ ಮುನ್ನವೇ ಅದು ಜಾರಿಗೆ ಬಂದರೆ ಹಾಗೆ ಉಳಿದ ಗ್ಯಾಸನ್ನು ಶುದ್ಧಿ ಮಾಡಿ ಹಳೆಯ ಯಂತ್ರಗಳ ಸರ್ವೀಸಿಗೆ ಬಳಸಬಹುದು, ಹೊಸ ಗ್ಯಾಸಿನ ಕೋಟಾ ಅಷ್ಟರಮಟ್ಟಿಗೆ ಉಳಿಯುತ್ತದೆ.