ನಡೆದರೆ ಕುಣಿಯುವ ಅಕ್ಷರಗಳು

ಕಲಬುರಗಿಗೆ ಗುಲ್ಬರ್ಗ ಎಂಬ ಹೆಸರೇ ಇದ್ದ ದಿನಗಳಲ್ಲಿ ನಾನು ಅಲ್ಲಿಯ ಒಂದು ಕಾಲೇಜಿನಲ್ಲಿ ಪಿಯುಸಿ ಓದಿದೆ. ಅಲ್ಲಿ ಕೇಳಿದ ಪಾಠಗಳಲ್ಲಿ ಒಂದು ಮಾತ್ರ ನಮ್ಮ ಮನೆಯವರೆಗೂ ಬಂದಿತು.

ಜೀವಶಾಸ್ತ್ರದ ಮೇಡಂ ಒಂದು ದಿನ ಪುಸ್ತಕವನ್ನು ಬೇಗಬೇಗ ಎಡಬಲಕ್ಕೆ ಆಡಿಸುತ್ತ ಓದಲು ಹೇಳಿದರು. ಯಾರಿಗೂ ಒಂದಕ್ಷರ ಸಿಗಲಿಲ್ಲ. “ಈಗ ಪುಸ್ತಕ ಹಾಂಗೇ ಹಿಡೀರಿ, ತಲಿ ಅಷ್ಟೇ ಅಳ್ಳಾಡಸ್ರಿ” ಎಂದರು. ಅದೇ ವೇಗದಲ್ಲಿ ತಲೆಯಾಡಿಸಿದರೂ ಸಾಲುಗಳು ಸ್ಪಷ್ಟವಾಗಿಯೇ ಇದ್ದವು.

ಇದರ ಗುಟ್ಟು ಒಳಕಿವಿಯಲ್ಲಿದೆ ಎಂದು ಅವರು ಬೋರ್ಡಿನ ಮೇಲೆ ಮೂರು ಅರೆವೃತ್ತಾಕಾರದ ನಾಳಗಳನ್ನು ಬರೆದು ತೋರಿಸಿದರು. ತಲೆ ತಿರುಗಿದಾಗ ನಾಳದೊಳಗಿನ ದ್ರವ ಜಡತ್ವದಿಂದ ಹಿಂದುಳಿದು, ಚಲನೆಯನ್ನು ಗುರುತಿಸುವ ರೋಮಕೋಶಗಳ ಕೂದಲಿನಂಥ ಎಳೆಗಳನ್ನು ಬಾಗಿಸುತ್ತದೆ. ಆ ಸುದ್ದಿ ಮೂರೇ ನರಕೋಶಗಳ ಹಾದಿಯಲ್ಲಿ ಸಾಗಿ ಕಣ್ಣಿನ ಸ್ನಾಯುಗಳನ್ನು ಮುಟ್ಟಿ, ತಲೆ ಎಡಕ್ಕೆ ಎಷ್ಟು ತಿರುಗಿತೋ ಕಣ್ಣನ್ನು ಅಷ್ಟೇ ಬಲಕ್ಕೆ ಹೊರಳಿಸುತ್ತದೆ. ಇದಕ್ಕೆ ಬೇಕಾದದ್ದು ಸೆಕೆಂಡಿನ ಸುಮಾರು 100ನೇ ಒಂದು ಭಾಗ. ಪುಸ್ತಕವೇ ಆಡುವಾಗಲಾದರೋ ಕಣ್ಣು ಮೊದಲು ಕಾಣಬೇಕು, ಮೆದುಳು ಗ್ರಹಿಸಬೇಕು, ಅನಂತರ ಬೆನ್ನಟ್ಟಬೇಕು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕಿವಿಯ ಈ ಕೆಲಸ ಕತ್ತಲಲ್ಲಿಯೂ ನಡೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಮುಂದೆ ಕೆಲವು ವರ್ಷಗಳಿಗೆ ಅಪ್ಪನಿಗೆ ಕ್ಷಯವಾಗಿ, ತಿಂಗಳುಗಟ್ಟಲೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ನಡೆಯಿತು. ರೋಗ ಗುಣವಾಯಿತು. ಆದರೆ ಸೂಪರ್ ಮಾರ್ಕೆಟ್‌ಗೆ ಹೋದಾಗ, “ನಿಂತರ ಬೋರ್ಡ್ ಛಲೋ ಕಾಣ್ತಾವ, ನಡದರ ಅಕ್ಷರ ಕುಣೀತಾವ” ಎನ್ನತೊಡಗಿದರು. ಎರಡು ಸಲ ಚಷ್ಮಾ ಬದಲಿಸಿದೆವು. ಆಮೇಲೊಂದು ಸಂಜೆ ನನಗೆ ಆ ತರಗತಿ ನೆನಪಾಗಿ, ಅವರ ಕೈಗೆ ಪತ್ರಿಕೆ ಕೊಟ್ಟು ತಲೆಯಾಡಿಸಲು ಹೇಳಿದೆ. ದಪ್ಪ ತಲೆಬರಹವನ್ನೂ ಅವರಿಗೆ ಓದಲಾಗಲಿಲ್ಲ. ಆ ಔಷಧಿ ಒಳಕಿವಿಯ ರೋಮಕೋಶಗಳನ್ನು ಕೊಲ್ಲಬಲ್ಲದು, ಸತ್ತವು ಮತ್ತೆ ಹುಟ್ಟುವುದಿಲ್ಲ ಎಂದು ಕಿವಿಯ ವೈದ್ಯರು ವಿವರಿಸಿದರು. ಇದೇ ಔಷಧಿಯಿಂದ ಇದೇ ತೊಂದರೆಗೊಳಗಾದ ವೈದ್ಯರೊಬ್ಬರು 1952ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ಅನುಭವ ಬರೆದಿದ್ದರೆಂದು ಆಮೇಲೆ ತಿಳಿಯಿತು: ನಾಡಿ ಬಡಿದಾಗಲೆಲ್ಲ ತಲೆ ತುಸುವೇ ಅಲುಗಿ ಅಕ್ಷರ ಕದಡುತ್ತಿದ್ದುದರಿಂದ, ಅವರು ಮಂಚದ ಸರಳುಗಳ ನಡುವೆ ತಲೆಯನ್ನು ಒತ್ತಿಟ್ಟುಕೊಂಡು ಓದುತ್ತಿದ್ದರಂತೆ.

ಅಪ್ಪನಿಗೆ ವೈದ್ಯರು ಒಂದು ವ್ಯಾಯಾಮ ಹೇಳಿದರು. ಗೋಡೆಗೆ ಅಂಟಿಸಿದ ಒಂದು ಅಕ್ಷರದ ಮೇಲೆ ದೃಷ್ಟಿ ನಿಲ್ಲಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ನಮ್ಮ ಪಡಸಾಲೆಯ ಗೋಡೆಗೆ ನಾನು ಅಂಟಿಸಿದ ‘ಅ’ ಇನ್ನೂ ಅಲ್ಲೇ ಇದೆ. ಅಪ್ಪ ದಿನವೂ ಬೆಳಿಗ್ಗೆ ಚಹಾಕ್ಕೆ ಮೊದಲು ಅದರೆದುರು ನಿಲ್ಲುತ್ತಾರೆ.