ಅಜ್ಮೀರಿನಲ್ಲಿ ತಸ್ಬೀಹ್ ಕೊಳ್ಳುವವರು ಮೊದಲು ಮಣಿ ಎಣಿಸಿ

ಅಜ್ಮೀರಿಗೆ ಹೊರಟಾಗ ಅಮ್ಮಿ ಕೇಳಿದ್ದು ಒಂದು ತಸ್ಬೀಹ್ (ಜಪ ಎಣಿಸುವ ಮಣಿಸರ) ಮಾತ್ರ. ಹಳೆಯದರ ದಾರ ಕಿತ್ತು ಮಣಿಗಳೆಲ್ಲ ಮಂಚದ ಕೆಳಗೆ ಉರುಳಿಹೋಗಿದ್ದವು. ಇಷ್ಟು ಸಣ್ಣ ಕೆಲಸದಲ್ಲಿ ನಾನು ಮೋಸ ಹೋದೆ. ಅದೂ ಶ್ರೀಗಂಧದ ಹೆಸರಿನಲ್ಲಿ, ಮೈಸೂರಿನವನಾಗಿ!

ಖ್ವಾಜಾ ಮೊಯಿನುದ್ದೀನ್ ಚಿಶ್ತಿ ದರ್ಗಾದ ನಿಜಾಮ್ ಗೇಟಿನ ಎದುರು ಸಾಲಿನಲ್ಲಿ ಒಬ್ಬ ಅಂಗಡಿಯವನು ಸಲಾಮ್ ಹೇಳಿ ಕೂರಿಸಿ ಊರು ಕೇಳಿದ. ಮೈಸೂರು ಎಂದ ಕೂಡಲೇ ಒಳಗಿನಿಂದ ಡಬ್ಬಿ ತಂದು, ‘ನಿಮ್ಮೂರಿನದೇ ಚಂದನ, ಭಾಯಿಜಾನ್’ ಎಂದು ಮೂಗಿಗೆ ಹಿಡಿದ. ಘಮ್ಮೆಂದಿತು. 650 ರೂಪಾಯಿ. ಕಡಿಮೆ ಮಾಡಿ ಎಂದರೆ, ‘ಇದು ಬೆಲೆಯಲ್ಲ, ಹದಿಯಾ’ ಎಂದ. ಕುರ್‌ಆನ್ ಕೊಳ್ಳುವಾಗ ಬೆಲೆ ಎನ್ನದೆ ಹದಿಯಾ, ಅಂದರೆ ಕಾಣಿಕೆ, ಎನ್ನುವುದು ನಮ್ಮಲ್ಲಿ ವಾಡಿಕೆ. ಆ ಮಾತನ್ನು ಮಣಿಸರಕ್ಕೂ ಹಚ್ಚಿಬಿಟ್ಟರೆ ಚೌಕಾಸಿಗೆ ಬಾಯಿ ಬರುವುದಿಲ್ಲ. ಜೊತೆಗಿದ್ದ ಹಿಂದೂ ಗೆಳೆಯನಿಗೆ ಈ ಸಂಕೋಚವಿರಲಿಲ್ಲ. ಅದೇ ಅಂಗಡಿಯಲ್ಲಿ ಅತ್ತರನ್ನು ಅರ್ಧ ಬೆಲೆಗೆ ಇಳಿಸಿದ.

ಮೈಸೂರಿನ ರೈಲು ಅಹಮದಾಬಾದ್ ದಾಟುವಷ್ಟರಲ್ಲಿ ಪರಿಮಳ ಮಾಯ, ಬೆರಳಿಗೆಲ್ಲ ಎಣ್ಣೆ. ಉಗುರಿನಿಂದ ಕೆರೆದರೆ ಒಳಗೆ ವಾಸನೆಯೇ ಇಲ್ಲದ ಯಾವುದೋ ಮರ. 650ಕ್ಕೆ 99 ಮಣಿಯ ಅಸಲಿ ಗಂಧ ಬರುತ್ತದೆಯೇ ಎಂದು ಗಂಧದ ಸಾಮಾನು ಮಾರುವ ಕಾವೇರಿ ಎಂಪೋರಿಯಂ ಮುಂದೆ ದಿನವೂ ಓಡಾಡುವ ನನಗೆ ಹೊಳೆಯಬೇಕಿತ್ತು. 99 ಎಂದದ್ದೂ ಸುಳ್ಳು. ತಸ್ಬೀಹಿನಲ್ಲಿ 33ರಂತೆ ಮೂರು ಭಾಗ, ನಡುನಡುವೆ ಅಡ್ಡಮಣಿ. ಅಮ್ಮಿ ಓದಲು ಕುಳಿತಾಗ ಮೊದಲೆರಡು ಭಾಗದಲ್ಲಿ 33 ಸರಿಯಿತ್ತು, ಮೂರನೆಯದರಲ್ಲಿ 31. ಏನೂ ಅನ್ನದೆ ಹಳೆಯ ಮಣಿಗಳಲ್ಲಿ ಎರಡನ್ನು ಹುಡುಕಿ ಪೋಣಿಸಿಕೊಂಡರು.

ಆದ್ದರಿಂದ ಊರಿನ ಹೆಸರು ಹೇಳಬೇಡಿ. ಪರಿಮಳ ನಂಬಬೇಡಿ. ಅಡ್ಡಮಣಿಗಳ ನಡುವೆ ಎಷ್ಟಿವೆ ಎಂದು ಅಲ್ಲೇ ಎಣಿಸಿ, ಅಂಗಡಿಯವನು ಮುಖ ಗಂಟಿಕ್ಕಿದರೂ ಸರಿ. ನಾಲಾ ಬಜಾರಿನ ಕಡೆ ಒಳಗೆ ನಡೆದರೆ ಸಾದಾ ಮರದ ತಸ್ಬೀಹ್ 80 ರೂಪಾಯಿಗಿತ್ತು. ನಾನು ನೋಡಿದ್ದು ಹೊರಡುವ ಹಿಂದಿನ ಸಂಜೆ, ಅಷ್ಟರಲ್ಲಿ ತಡವಾಗಿತ್ತು.

ದರ್ಗಾದೊಳಗೆ ರಿಜಿಸ್ಟರ್ ಬಿಚ್ಚಿ ಹೆಸರು ಬರೆಸಲು ಕರೆಯುತ್ತಾರೆ. ಹಿಂದಿನವರು ಕೊಟ್ಟ 1100, 2100 ಕಣ್ಣಿಗೆ ಬೀಳುವಂತೆಯೇ ಪುಟ ತೆರೆದಿರುತ್ತದೆ. ಮನಸ್ಸಿದ್ದಷ್ಟು ಕೊಡಿ, ಕೊಡದೆಯೂ ಜಿಯಾರತ್ (ದರ್ಗಾ ದರ್ಶನ) ಆಗುತ್ತದೆ. ಮಜಾರಿನಿಂದ (ಗೋರಿಯ ಮೇಲಿಂದ) ಕೈಗೆ ಬಂದ ಒಂದು ಹಿಡಿ ಗುಲಾಬಿ ಎಸಳು ನನಗೆ ಬಿಟ್ಟಿಯಾಗಿಯೇ ಸಿಕ್ಕಿತು. ಕಾಗದದಲ್ಲಿ ಒಣಗಿಸಿ ತಂದುಕೊಟ್ಟೆ. ಅಮ್ಮಿ ಅದನ್ನು ಅಲಮಾರಿನಲ್ಲಿ ಇಟ್ಟುಕೊಂಡಿದ್ದಾರೆ. ನಸುಕಿನ ಫಜ್ರ್ ನಮಾಜಿನ ಬೆನ್ನಿಗೇ ಹೋದರೆ ಉಸಿರಾಡಲು ಜಾಗವಿರುತ್ತದೆ. ಇಸ್ಲಾಮಿ ಪಂಚಾಂಗದ ರಜಬ್ ತಿಂಗಳ ಮೊದಲ ಆರು ದಿನ ಉರುಸು. ನೂಕುನುಗ್ಗಲು ತಡೆಯುವವರು ಆಗ ಹೋಗಲಿ, ನಾನಂತೂ ಹೋಗಲಾರೆ.

ಊರಿನ ಮೇಲಿನ ಸಿಟ್ಟು ಇಳಿಸಿದ್ದು ಕಢಿ ಕಚೋರಿ. ಕಚೋರಿಯನ್ನು ದೊನ್ನೆಯಲ್ಲಿ ಮುರಿದು ಹಾಕಿ, ಮೇಲೆ ಕುದಿಯುವ ಕಢಿ ಸುರಿದು ಕೊಡುತ್ತಾರೆ. ಕಡಲೆಹಿಟ್ಟಿನ, ಹುಳಿ ಹುಳಿಯಾದ, ನಮ್ಮ ಮಜ್ಜಿಗೆಹುಳಿಗಿಂತ ಎರಡು ಪಟ್ಟು ಖಾರದ ಕಢಿ. ಅಂಚು ಗರಿಗರಿಯಾಗಿಯೇ ಇರುತ್ತದೆ, ನಡುಭಾಗ ನೆನೆದು ಬಾಯಲ್ಲಿ ಕರಗುತ್ತದೆ. ಕೂರಲು ಬೆಂಚಿಲ್ಲ, ಚರಂಡಿ ಪಕ್ಕದಲ್ಲಿ ನಿಂತೇ ತಿನ್ನಬೇಕು. 25 ರೂಪಾಯಿ. ಮೂರು ಬೆಳಿಗ್ಗೆಯೂ ಅಲ್ಲಿಗೇ ಹೋದೆವು. ಒಂದು ದಿನ ಒಂಬತ್ತೂವರೆಗೆ ಹೋದಾಗ ಕಢಿ ಮುಗಿದು ಪಾತ್ರೆ ತೊಳೆಯುತ್ತಿದ್ದರು. ಎಂಟರೊಳಗೆ ಹೋಗಿ.